ಹಳೆಯ ಗೀಸರಿಗೆ ಬಿಸಿಲಿನ ನೀರು

ಸಹೋದರಿಯರೇ, ಮನೆಗೆ ಸೋಲಾರ್ ಬಂದರೆ ಹಳೆಯ ಗೀಸರನ್ನು ಗುಜರಿಗೆ ಹಾಕಬೇಕೆಂದು ಹೆಚ್ಚಿನವರು ಭಾವಿಸುತ್ತಾರೆ. ಅದರ ಅಗತ್ಯವಿಲ್ಲ. ಟ್ಯಾಂಕ್ ಇರುವ ಗೀಸರ್ ಸುಸ್ಥಿತಿಯಲ್ಲಿದ್ದರೆ ಅದು ಬಚ್ಚಲಿನಲ್ಲೇ ಇರಲಿ.

ಸೋಲಾರ್ ಫಲಕ ತಾರಸಿಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ಕಾದ ನೀರು ಹಗುರವಾಗಿ ತಾನೇ ಮೇಲೇರುವುದರಿಂದ ಟ್ಯಾಂಕನ್ನು ಫಲಕಕ್ಕಿಂತ ಎತ್ತರದಲ್ಲಿ ಇಡುತ್ತಾರೆ, ಪಂಪು ಬೇಡ. ಅಲ್ಲಿಂದ ಬರುವ ಬಿಸಿನೀರಿನ ಪೈಪನ್ನು ಗೀಸರಿನ ತಣ್ಣೀರಿನ ಬಾಯಿಗೆ ಜೋಡಿಸಿದರಾಯಿತು. ಬಿಸಿಲಿದ್ದ ದಿನ ಸ್ವಿಚ್ ಹಾಕುವ ಗೊಡವೆಯಿಲ್ಲ. ಮಳೆಗಾಲದಲ್ಲಿ ಉಗುರುಬೆಚ್ಚಗೆ ಬಂದ ನೀರನ್ನು ಗೀಸರ್ ಇನ್ನಷ್ಟು ಕಾಯಿಸುತ್ತದೆ.

ಲೆಕ್ಕ ನೋಡಿ: 100 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು 3.5 ಯೂನಿಟ್ ವಿದ್ಯುತ್ ಬೇಕು. ದಿನವೂ ಬಳಸಿದರೆ ತಿಂಗಳಿಗೆ 105 ಯೂನಿಟ್. ಉಳಿತಾಯ ಎಷ್ಟೆಂದು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ.

ಆದರೆ ಎಲ್ಲವನ್ನೂ ಕೆಲಸದವರಿಗೆ ಬಿಟ್ಟು ಕೂರಬೇಡಿ. ಗೀಸರಿಗೆ ಎಷ್ಟು ಬಿಸಿಯಾದ ನೀರು ಬಿಡಬಹುದೆಂದು ಅದರ ಕೈಪಿಡಿಯಲ್ಲಿ ನೋಡಿ. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಪೈಪ್ ಬೇಡ, ಸಿಪಿವಿಸಿ ಹಾಕಿಸಿ. ಗೀಸರಿನ ಸೇಫ್ಟಿ ವಾಲ್ವ್ ತೆಗೆಯಲು, ಸೋಲಾರ್ ಟ್ಯಾಂಕಿನ ಗಾಳಿ ಪೈಪ್ ಮುಚ್ಚಲು ಬಿಡಬೇಡಿ.

ಮುಖ್ಯವಾದ ಮಾತು ಮಕ್ಕಳದ್ದು. ಒಳ್ಳೆಯ ಬಿಸಿಲಿನಲ್ಲಿ ಸೋಲಾರ್ ನೀರು 60 ಡಿಗ್ರಿ ದಾಟುವುದುಂಟು. ಅದು ಮಗುವಿನ ಎಳೆಯ ಚರ್ಮವನ್ನು ಕ್ಷಣಗಳಲ್ಲಿ ಸುಡುತ್ತದೆ. ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಹಾಕಿಸಿ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ರೂಢಿ ಮಾಡಿಕೊಳ್ಳಿ. ಬೆಳಿಗ್ಗೆ ಪೈಪಿನಲ್ಲಿ ನಿಂತಿದ್ದ ತಣ್ಣೀರನ್ನು ಚರಂಡಿಗೆ ಬಿಡದೆ ಹಿಡಿದಿಡಿ. ವುಝೂವಿಗೋ ಬಟ್ಟೆಗೋ ಆಗುತ್ತದೆ.