ಗೃಹಲಕ್ಷ್ಮಿ ರೊಕ್ಕ: ಎಷ್ಟು ಬಂತು ಅನ್ನೋದಕ್ಕಿಂತ ಯಾವಾಗ ಬಂತು ಅನ್ನೋದೇ ದೊಡ್ಡದು

ಗದಗ: ‘ಈ ಸಲದ್ದು ಬಿತ್ತೇನ್ರಿ?’ ಜಿಲ್ಲೆಯ ಯಾವ ಹಳ್ಳಿಯ ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳುವವರು ಹೆಣ್ಣುಮಕ್ಕಳಷ್ಟೇ ಅಲ್ಲ, ಗಲ್ಲಾದ ಮುಂದೆ ಕೂತ ಅಂಗಡಿಯವರೂ ಕೇಳುತ್ತಾರೆ. ಯಾಕಂದ್ರೆ ಉದ್ರಿ ಪುಸ್ತಕದ ಬಹಳಷ್ಟು ಹೆಸರುಗಳು ಚುಕ್ತಾ ಆಗೋದು ಆ ₹2,000 ಖಾತೆಗೆ ಬಿದ್ದ ಮೇಲೆಯೇ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ರೇಷನ್ ಕಾರ್ಡ್‌ನಲ್ಲಿ ಮನೆ ಯಜಮಾನಿ ಎಂದು ಹೆಸರಿರುವ ಹೆಣ್ಣುಮಗಳ ಖಾತೆಗೆ ತಿಂಗಳಿಗೆ ₹2,000. ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವವರಾಗಿದ್ದರೆ ಸಿಗುವುದಿಲ್ಲ. 2024–25ರ ಬಜೆಟ್‌ನಲ್ಲಿ ಇದೊಂದೇ ಯೋಜನೆಗೆ ₹28,608 ಕೋಟಿ ಇಡಲಾಗಿತ್ತು. ಐದು ಗ್ಯಾರಂಟಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಇದೇ.

‘ಕೊಡಬೇಕೋ ಬೇಡವೋ’ ಎಂಬ ವಾದ ಟಿವಿಯಲ್ಲಿ ಸಾಕಷ್ಟು ನಡೆದಿದೆ. ಊರೊಳಗಿನ ಪ್ರಶ್ನೆ ಬೇರೆ: ಬಂದ ರೊಕ್ಕ ಬಡ ಮನೆಯ ಲೆಕ್ಕಾಚಾರವನ್ನು ಎಷ್ಟು ಬದಲಿಸಿದೆ? ಹೇಳಿದ ತಿಂಗಳಿಗೆ ಬಾರದಿದ್ದರೆ ಆ ಲೆಕ್ಕ ಎಲ್ಲಿ ತಪ್ಪುತ್ತದೆ?

₹2,000 ಅಂದ್ರೆ ಎಷ್ಟು ದಿನದ ಕೂಲಿ?

2025–26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಆ ಲೆಕ್ಕದಲ್ಲಿ ₹2,000 ಅಂದ್ರೆ ಐದೂವರೆ ದಿನದ ಕೂಲಿ. ಇದರಿಂದ ಸಂಸಾರ ನಡೆಯಲ್ಲ, ನಿಜ. ಆದರೆ ಒಂದೇ ಮನೆಗೆ ಬೇರೆ ಬೇರೆ ಯೋಜನೆಯ ರೊಕ್ಕ ಬಂದಾಗ ಲೆಕ್ಕ ಬೇರೆಯಾಗುತ್ತದೆ.

ಎರಡೆಕರೆ ಒಣಬೇಸಾಯದ ಮನೆ ಎಂದಿಟ್ಟುಕೊಳ್ಳಿ. ಸೊಸೆಗೋ ಅತ್ತೆಗೋ, ಯಜಮಾನಿ ಯಾರೋ ಅವರಿಗೆ ಗೃಹಲಕ್ಷ್ಮಿ ವರ್ಷಕ್ಕೆ ₹24,000. ಪಹಣಿ ಇರುವ ಮಗನಿಗೆ ಪಿಎಂ ಕಿಸಾನ್ ಮೂರು ಕಂತಿನಲ್ಲಿ ₹6,000. ಮನೆಯ ಹಿರಿಯರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ ₹1,200, ಅಂದ್ರೆ ವರ್ಷಕ್ಕೆ ₹14,400. ಮೂರೂ ಕೂಡಿದರೆ ₹44,400. ಎಲ್ಲ ಮನೆಗೂ ಮೂರೂ ಸಿಗಲ್ಲ. ಸಿಗುವ ಮನೆಗೆ ಮಾತ್ರ ಇದು ಒಂದು ಸಣ್ಣ ಬೆಳೆಯ ಆದಾಯ ಇದ್ದಂಗೆ. ಮಳೆ ಕೈಕೊಟ್ಟರೂ ಬರುವ ಬೆಳೆ.

ಎರೆ ಭೂಮಿಯ ಈ ಭಾಗದಲ್ಲಿ ಇದಕ್ಕೆ ಬೆಲೆ ಜಾಸ್ತಿ. ರೋಣ, ನರಗುಂದ ಕಡೆ ರೈತರ ಕೈಯಲ್ಲಿ ರೊಕ್ಕ ಆಡೋದು ವರ್ಷಕ್ಕೆ ಎರಡೇ ಸಲ. ಮುಂಗಾರಿ ಹೆಸರು ಬಂದಾಗ ಒಮ್ಮೆ, ಹಿಂಗಾರಿ ಕಡಲೆ, ಜೋಳ ಬಂದಾಗ ಇನ್ನೊಮ್ಮೆ. ನಡುವಿನ ತಿಂಗಳುಗಳೇ ಕಷ್ಟದವು. ಜೂನ್‌ನಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆ ಎಲ್ಲವೂ ಒಟ್ಟಿಗೇ ಬರುತ್ತವೆ. ಹೆಸರು ರಾಶಿ ಆಗುವ ಹೊತ್ತಿಗೆ ನಾಗಪಂಚಮಿ ಬಂದಿರುತ್ತದೆ, ಉಂಡಿಗೆ ಬೆಲ್ಲ–ಶೇಂಗಾ ಉದ್ರಿಯಲ್ಲೇ ಹೋಗಿರುತ್ತದೆ. ಕೈ ಖಾಲಿ ಇರುವ ಈ ತಿಂಗಳಲ್ಲಿ ಬರುವ ₹2,000ಕ್ಕೂ ಸುಗ್ಗಿಯಲ್ಲಿ ಬರುವ ₹2,000ಕ್ಕೂ ಬೆಲೆ ಒಂದೇ ಅಲ್ಲ.

ತಿಂಗಳ ರೊಕ್ಕ ಬೇರೆ, ಒಟ್ಟಿಗೆ ಬಂದ ರೊಕ್ಕ ಬೇರೆ

ಗೃಹಲಕ್ಷ್ಮಿ ರೊಕ್ಕ ಕೂಡಿಟ್ಟು ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಸುದ್ದಿಯಾಯಿತು. ನಮ್ಮದೇ ಜಿಲ್ಲೆಯಲ್ಲಿ ಅತ್ತೆ–ಸೊಸೆ ಸೇರಿ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ್ದೂ ಸುದ್ದಿಯಾಯಿತು. ಕೇಳೋಕೆ ಖುಷಿಯ ಸುದ್ದಿಗಳು. ಹಾಗಂತ ಎಲ್ಲ ಮನೆಯ ಕಥೆ ಇದಲ್ಲ. ಬಹುತೇಕ ಮನೆಗಳಲ್ಲಿ ಈ ರೊಕ್ಕ ಕಣ್ಣಿಗೆ ಕಾಣದ ಹಾಗೆ ಎಣ್ಣೆ, ಬೇಳೆ, ಗ್ಯಾಸ್, ಬಿಪಿ–ಶುಗರ್ ಗುಳಿಗೆ, ಸಂಘದ ಕಂತು, ಮಗಳ ಕಾಲೇಜಿನ ಖರ್ಚಿನಲ್ಲಿ ಕರಗುತ್ತದೆ. ಅದು ಫೋಟೋಗೆ ಸಿಗುವ ಬದಲಾವಣೆಯಲ್ಲ.

ಕೀನ್ಯಾ ದೇಶದ ಹಳ್ಳಿಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಿಗೆ ಬರಬೇಕು. ಅಲ್ಲಿ ಕೆಲವು ಮನೆಗಳಿಗೆ ರೊಕ್ಕವನ್ನು ತಿಂಗಳು ತಿಂಗಳು ಕೊಟ್ಟರು, ಕೆಲವು ಮನೆಗಳಿಗೆ ಒಟ್ಟಿಗೇ ಕೊಟ್ಟರು. ತಿಂಗಳು ತಿಂಗಳು ಪಡೆದವರಲ್ಲಿ ಊಟದ ಭದ್ರತೆ ಹೆಚ್ಚು ಸುಧಾರಿಸಿತು. ಒಟ್ಟಿಗೆ ಪಡೆದವರು ಬಾಳಿಕೆ ಬರುವ ವಸ್ತುಗಳ ಮೇಲೆ ಹೆಚ್ಚು ಖರ್ಚು ಮಾಡಿದರು. ಎರಡೂ ತಪ್ಪಲ್ಲ. ಆದರೆ ಕೊಡುವವರು ಮೊದಲೇ ಹೇಳಿದ್ದರಿಂದ, ಯಾವಾಗ ಎಷ್ಟು ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಇಲ್ಲಿ ಗಂಟು ಬಿದ್ದಿರುವುದು ಅಲ್ಲೇ. ಹೆಸರಿಗೆ ಮಾಸಿಕ ಯೋಜನೆ. ಬರುವುದು ಒಮ್ಮೆ ತಿಂಗಳಿಗೆ, ಒಮ್ಮೆ ಎರಡು–ಮೂರು ತಿಂಗಳದ್ದು ಕೂಡಿ. 2025ರ ಫೆಬ್ರುವರಿ, ಮಾರ್ಚ್ ಕಂತು ಬಂದೇ ಇಲ್ಲ ಎಂಬ ವಿಚಾರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲವೆಬ್ಬಿಸಿತು. ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಅದನ್ನು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಬೇಕಾಯಿತು.

ಅದೇ ಸಮಯದಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತಲೆಗೆ ₹170ರಂತೆ ಖಾತೆಗೆ ಬರುತ್ತಿತ್ತು. 2025ರ ಫೆಬ್ರುವರಿಯಿಂದ ಅದು ನಿಂತು ಅಕ್ಕಿಯೇ ಬರತೊಡಗಿತು. ನಾಲ್ಕು ಜನರ ಮನೆಗೆ ಅಕ್ಕಿ ಬಂತು, ಸರಿ. ಆದರೆ ₹680 ನಗದು ಹೋಯಿತು. ಅದರ ಮೇಲೆ ಗೃಹಲಕ್ಷ್ಮಿಯ ₹2,000 ಕೂಡ ಇಲ್ಲ. ಅಕ್ಕಿ ಕೊಟ್ಟು ಸಂಘದ ಕಂತು ಕಟ್ಟೋಕೆ ಆಗಲ್ಲ.

ನಡುವಿನ ಸಂದನ್ನು ತುಂಬುವವರು ಯಾರು?

ಬರುತ್ತದೆ ಎಂದು ನಂಬಿದ ರೊಕ್ಕ ಬಾರದಿದ್ದಾಗ ಖರ್ಚು ನಿಲ್ಲಲ್ಲ. ಎಲ್ಲಿಂದಲೋ ತರಲೇಬೇಕು. ದಾರಿ ಎರಡೇ: ಅಂಗಡಿಯ ಉದ್ರಿ, ಇಲ್ಲವೇ ವಾರದ ಕಂತಿನ ಸಾಲ.

ಮೊದಲು ಅಂಗಡಿ. 60 ಮನೆಗಳು ತಿಂಗಳಿಗೆ ಸುಮಾರು ₹2,000 ಉದ್ರಿ ಒಯ್ಯುವ ಒಂದು ಕಿರಾಣಿ ಅಂಗಡಿ ಎಂದುಕೊಳ್ಳಿ. ಒಂದು ತಿಂಗಳು ತಡವಾದರೆ ₹1.20 ಲಕ್ಷ ಹೊರಗೆ ನಿಲ್ಲುತ್ತದೆ, ಎರಡು ತಿಂಗಳಾದರೆ ₹2.40 ಲಕ್ಷ. ಹೋಲ್‌ಸೇಲ್ ವ್ಯಾಪಾರಿ ಸರ್ಕಾರದ ಕಂತು ಕಾಯಲ್ಲ. ಅಲ್ಲಿಗೆ ಸರ್ಕಾರದ ತಡಕ್ಕೆ ಬಡ್ಡಿ ಕಟ್ಟುವವರು ಹಳ್ಳಿ ಅಂಗಡಿಯವರು. ರೊಕ್ಕ ಸರಿಯಾಗಿ ಬಂದ ತಿಂಗಳು ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಸಂತೆಯ ತರಕಾರಿ ಕಟ್ಟೆಗೂ ವ್ಯಾಪಾರ ಕಾಣುತ್ತದೆ. ಬೆಂಗಳೂರಿನಲ್ಲಿ ‘ಬಿಟ್ಟಿ ಭಾಗ್ಯ’ ಅನ್ನಿಸಿಕೊಳ್ಳುವ ರೊಕ್ಕದ ಬಹುಪಾಲು ಊರಿನ ಗಲ್ಲಾಪೆಟ್ಟಿಗೆಗೇ ಬರುತ್ತದೆ ಅನ್ನೋದನ್ನು ಅಂಗಡಿಕಾರರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು.

ಎರಡನೆಯದು ಮೈಕ್ರೋ ಫೈನಾನ್ಸ್. ವಾರ ವಾರ ಮನೆ ಬಾಗಿಲಿಗೆ ಬರುವ ವಸೂಲಿಯವರ ಕಿರುಕುಳ ಮಿತಿಮೀರಿದ್ದಕ್ಕೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಎಂದಿತು. ಸಾಲ ತಂದವರೆಲ್ಲ ಗೃಹಲಕ್ಷ್ಮಿ ತಡವಾಗಿದ್ದಕ್ಕೇ ತಂದರು ಎನ್ನಲಾಗದು. ಮದುವೆ, ಆಸ್ಪತ್ರೆ, ಬೆಳೆ ನಷ್ಟ ಎಲ್ಲವೂ ಇವೆ. ಆದರೆ ₹2,000 ಬರುತ್ತದೆ ಎಂದು ಆಲೋಚಿಸಿಯೇ ಕಂತು ಒಪ್ಪಿಕೊಂಡ ಹೆಣ್ಣುಮಗಳಿಗೆ ಎರಡು ತಿಂಗಳ ತಡ ಅಂದ್ರೆ ಎಂಟು ವಾರದ ಕಂತು. ಅದನ್ನು ಕಟ್ಟಲು ಇನ್ನೊಂದು ಕಡೆ ಸಾಲ. ಮೂರು ತಿಂಗಳದ್ದು ಒಟ್ಟಿಗೆ ₹6,000 ಬಿದ್ದರೂ ಆ ಬಡ್ಡಿ ವಾಪಸ್ ಬರಲ್ಲ.

ಹೆಣ್ಣುಮಕ್ಕಳ ಯೋಜನೆಗಳು ಮುರಿಯುವುದೂ ಇಲ್ಲೇ. ತಿಂಗಳಿಗೆ ₹1,000 ಚೀಟಿ ಹಾಕಿದರೆ ವರ್ಷಕ್ಕೆ ₹12,000. ಹೊಲಿಗೆ ಮಷಿನ್ನೋ, ಒಂದೆರಡು ಆಡಿನ ಮರಿಯೋ ತರಬಹುದು. ಆದರೆ ದಿನ ಗೊತ್ತಿಲ್ಲದ ರೊಕ್ಕ ನಂಬಿ ಚೀಟಿ ಹಾಕುವ ಧೈರ್ಯ ಯಾರಿಗೆ ಬಂದೀತು?

‘ಆಳು ಸಿಗ್ತಿಲ್ಲ’ ಅನ್ನೋ ಮಾತು

ಈ ರೊಕ್ಕ ಬಂದ ಮೇಲೆ ಕಸ ತೆಗೆಯೋಕೆ ಆಳು ಸಿಗುತ್ತಿಲ್ಲ ಎಂಬ ದೂರು ರೈತರದ್ದು. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಐದೂವರೆ ದಿನದ ಕೂಲಿ ಸಿಕ್ಕಿತು ಎಂದು ಯಾರೂ ತಿಂಗಳೆಲ್ಲ ಮನೆಯಲ್ಲಿ ಕೂರಲ್ಲ. ಮಧ್ಯಪ್ರದೇಶದ ಹಳ್ಳಿಗಳಲ್ಲಿ ‘ಸೇವಾ’ ಸಂಘಟನೆ 2011ರಿಂದ ಹೀಗೆಯೇ ನಗದು ಕೊಟ್ಟು ನೋಡಿತ್ತು. ಅಲ್ಲಿ ಕೂಲಿಗೆ ಹೋಗುವುದು ಬಿಟ್ಟು ಸ್ವಂತ ಹೊಲ, ಸ್ವಂತ ದನಕರುಗಳ ಕಡೆ ತಿರುಗಿದವರು ಕಂಡರು. ಕುಡಿತಕ್ಕೆ ಹೋಗುತ್ತದೆ ಎಂಬ ಭಯ ನಿಜವಾಗಲಿಲ್ಲ.

ಹೆಣ್ಣುಮಗಳಿಗೆ ಈ ರೊಕ್ಕ ಕೊಡುವುದು ಕೆಲಸ ಬಿಡುವ ಶಕ್ತಿ ಅಲ್ಲ, ಮುಂಗಡ ತೆಗೆದುಕೊಂಡು ಹೇಳಿದ ಕೂಲಿಗೆ ಸಿಕ್ಕಿಬೀಳದಿರುವ ಶಕ್ತಿ. ಜ್ವರ ಬಂದ ದಿನ ಮನೆಯಲ್ಲಿ ಉಳಿಯುವ ಶಕ್ತಿ. ಸಣ್ಣ ರೈತರಿಗೆ ಇದರಿಂದ ಖರ್ಚು ಏರುವುದೂ ಸುಳ್ಳಲ್ಲ. ಅದಕ್ಕೆ ಉತ್ತರ ಬೆಳೆಗೆ ಬೆಲೆ ಸಿಗುವುದರಲ್ಲಿದೆ, ಹೆಣ್ಣಾಳಿನ ಕೈ ಖಾಲಿ ಇಡುವುದರಲ್ಲಿ ಅಲ್ಲ.

ತಡ ಬೇರೆ, ತಾಂತ್ರಿಕ ತೊಡಕು ಬೇರೆ

ಪಕ್ಕದ ಮನೆಯವರಿಗೆ ಬಂದು ತಮಗೆ ಬಾರದಿದ್ದರೆ ಅದು ಸರ್ಕಾರದ ತಡ ಅಲ್ಲ, ದಾಖಲೆಯ ತೊಡಕು ಇರಬಹುದು. ಇಂಥ ರೊಕ್ಕ ಸಾಮಾನ್ಯವಾಗಿ ಆಧಾರ್ ಜೋಡಣೆ ನೋಡಿ ಹೋಗುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಎಲ್ಲಿ ಆಧಾರ್ ಜೋಡಿಸಿದ್ದಾರೋ ಆ ಖಾತೆಗೆ ಬೀಳುತ್ತದೆ. ಹೊಸ ಖಾತೆ ತೆರೆದು ಮರೆತವರು ಹಳೆ ಪಾಸ್‌ಬುಕ್ ಹಿಡಿದು ಅಲೆಯುವುದುಂಟು. ರೇಷನ್ ಕಾರ್ಡ್ ಮತ್ತು ಆಧಾರ್‌ನಲ್ಲಿ ಹೆಸರು ಹೊಂದದಿದ್ದರೂ ತೊಡಕು. ಯಜಮಾನಿ ತೀರಿಕೊಂಡರೆ ಮೊದಲು ರೇಷನ್ ಕಾರ್ಡ್‌ನಲ್ಲಿ ಹೊಸ ಯಜಮಾನಿ ಹೆಸರು ಬರಬೇಕು, ಆಮೇಲೆ ಹೊಸ ಅರ್ಜಿ. ವಿಚಾರಿಸಬೇಕಾದ ಜಾಗ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ, ಅಂದ್ರೆ ಸಿಡಿಪಿಒ ಆಫೀಸು.

ಸರ್ಕಾರದ ಕಡೆಯ ತಡಕ್ಕೆ ಮಾತ್ರ ಸಿಡಿಪಿಒ ಆಫೀಸಿನಲ್ಲಿ ಉತ್ತರ ಇಲ್ಲ. ಅದು ಖಜಾನೆಯ ಪ್ರಶ್ನೆ. ನೌಕರರ ಸಂಬಳಕ್ಕೆ ದಿನ ಇದೆ, ಬ್ಯಾಂಕಿನ ಕಂತಿಗೆ ದಿನ ಇದೆ, ಕರೆಂಟ್ ಬಿಲ್ಲಿಗೆ ಕೊನೆ ದಿನ ಇದೆ. ಗೃಹಲಕ್ಷ್ಮಿಗೂ ತಿಂಗಳ ಒಂದು ತಾರೀಖು ಇರಲಿ. ಆ ದಿನ ಆಗದಿದ್ದರೆ ಯಾವ ದಿನ ಎಂದು ಮೊದಲೇ ಗ್ರಾಮ ಪಂಚಾಯ್ತಿ, ಅಂಗನವಾಡಿ ಬಾಗಿಲಿಗೆ ನೋಟಿಸ್ ಹಚ್ಚಲಿ. ಇದಕ್ಕೆ ಹೊಸ ಬಜೆಟ್ ಬೇಕಿಲ್ಲ. ತಾಲೂಕು ಮಟ್ಟದ ಗ್ಯಾರಂಟಿ ಅನುಷ್ಠಾನ ಸಮಿತಿ ಸಭೆಗಳಲ್ಲಿ ‘ಎಷ್ಟು ಫಲಾನುಭವಿಗಳು’ ಎಂಬ ಲೆಕ್ಕದ ಜೊತೆ ‘ಎಷ್ಟು ದಿನ ತಡ’ ಎಂಬ ಲೆಕ್ಕವನ್ನೂ ಕೇಳಿದರೆ ಅದೇ ಮೊದಲ ಹೆಜ್ಜೆ.

ಯೋಜನೆ ಮುಂದುವರಿಯುತ್ತದೋ, ಮೊತ್ತ ಹೆಚ್ಚುತ್ತದೋ ಎಂಬುದನ್ನು ಚುನಾವಣೆಗಳು ತೀರ್ಮಾನಿಸುತ್ತವೆ. ಅಲ್ಲಿಯವರೆಗೆ ಹಳ್ಳಿಯ ಹೆಣ್ಣುಮಗಳು ಕೇಳುತ್ತಿರುವುದು ₹2,000ಕ್ಕಿಂತ ಹೆಚ್ಚಿನದನ್ನಲ್ಲ. ಆ ₹2,000 ಯಾವತ್ತು ಬರುತ್ತದೆ ಅನ್ನೋದನ್ನ.