ರವದಿಗೆ ಕಡ್ಡಿ ಗೀರುವ ಮುನ್ನ

ಕಬ್ಬು ಕಟಾವಿನ ಕಾಲದಲ್ಲಿ ಸಂಜೆ ಹೊತ್ತು ಅಥಣಿ ಕಡೆಯ ಹಳ್ಳಿಗಳನ್ನು ಹಾಯ್ದು ಬಂದಿದ್ದೀರಾ? ಕಟಾವಾದ ಹೊಲದಲ್ಲಿ ರವದಿ ಧಗಧಗ ಉರಿಯುತ್ತಿರುತ್ತದೆ. ಮರುದಿನ ಅದೇ ಊರಿನ ಶಾಲೆಯಲ್ಲಿ ‘ಉಷ್ಣವನ್ನು ಬಿಡುಗಡೆ ಮಾಡುವ ಕ್ರಿಯೆಗೆ ಬಹಿರುಷ್ಣಕ ಕ್ರಿಯೆ ಎನ್ನುವರು’ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಎರಡೂ ಒಂದೇ ಎಂದು ನಾವು ತೋರಿಸಿಕೊಡುವುದಿಲ್ಲ. ಇದು ನನಗೆ ಸರಿಕಾಣುವುದಿಲ್ಲ.

ರವದಿ ಎಂದರೆ ಕಬ್ಬಿನ ಒಣ ಎಲೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ, ಬಿಸಿಲಿನ ಶಕ್ತಿ ಹೀರಿ ಗಿಡ ಕಟ್ಟಿದ ವಸ್ತು. ಆಗ ಹೀರಿದ್ದು ಉರಿಯುವಾಗ ಹೊರಬರುತ್ತದೆ. ಹಾಗಾದರೆ ಕಡ್ಡಿ ಏಕೆ ಗೀರಬೇಕು? ಹಳೆಯ ಬಂಧಗಳನ್ನು ಮುರಿಯಲು ಮೊದಲು ಸ್ವಲ್ಪ ಶಕ್ತಿ ಕೊಡಬೇಕು. ಹೊಸ ಬಂಧಗಳು ಏರ್ಪಡುವಾಗ ಅದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆ. (‘ಬಂಧ ಮುರಿದರೆ ಶಕ್ತಿ ಬರುತ್ತದೆ’ ಎಂದು ನಾನೂ ಕೆಲವು ವರ್ಷ ತಪ್ಪಾಗಿಯೇ ಹೇಳಿಕೊಟ್ಟೆ.)

ಒಂದು ಕಿಲೋ ಒಣ ರವದಿ ಉರಿದರೆ ಸುಮಾರು 15,000 ಕಿಲೋಜೂಲ್ ಉಷ್ಣ. ಸ್ವಲ್ಪವೂ ಪೋಲಾಗದಿದ್ದರೆ 45 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು! ಗಾಣದ ಒಲೆಯಲ್ಲಿ ಕಬ್ಬಿನ ಸಿಪ್ಪೆ ಉರಿದರೆ ಬೆಲ್ಲವಾದರೂ ಆಗುತ್ತದೆ. ಹೊಲದಲ್ಲಿ ರವದಿ ಉರಿದರೆ ಬಯಲ ಗಾಳಿ ಬಿಸಿಯಾಗುತ್ತದೆ, ಅಷ್ಟೆ. ಎಲೆಯಲ್ಲಿದ್ದ ಸಾರಜನಕದ ಬಹುಪಾಲೂ ಹೊಗೆಯೊಡನೆ ಹೋಗುತ್ತದೆ. ಗಾಳಿಯ ಸಾರಜನಕವನ್ನು ಮತ್ತೆ ಗೊಬ್ಬರವಾಗಿಸಲು ಕಾರ್ಖಾನೆಗೆ 400 ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ, ವಾಯುಭಾರದ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು. ಅದನ್ನೇ ನಾವು ಯೂರಿಯಾ ಚೀಲವೆಂದು ಕೊಂಡು ತರುತ್ತೇವೆ.

ರೈತರನ್ನು ದೂರಲಾರೆ. ರವದಿ ಬಿದ್ದಿದ್ದರೆ ಕೂಳೆ ಬೆಳೆಗೆ ನೀರು ಸರಿಯಾಗಿ ಹಾಯುವುದಿಲ್ಲ, ಹಾವಿನ ಭಯ ಬೇರೆ, ತೆಗೆದುಹಾಕಲು ಆಳು ಸಿಗುವುದಿಲ್ಲ. ಆದರೆ ಬೆಂಕಿಯಿಲ್ಲದೆಯೂ ಆ ಉಷ್ಣ ಹೊರಬರುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಶಾಲೆಯ ಹಿತ್ತಲಲ್ಲಿ ರವದಿಯನ್ನು ತುಂಡರಿಸಿ, ಸಗಣಿ ನೀರು ಬೆರೆಸಿ, ಮಕ್ಕಳ ಎದೆಯೆತ್ತರ ರಾಶಿ ಹಾಕಿಸಿ. ಕೆಲವು ದಿನ ಬಿಟ್ಟು ಕೋಲಿನಿಂದ ತೂತು ಮಾಡಿ ಪ್ರಯೋಗಾಲಯದ ಥರ್ಮಾಮೀಟರ್ ಇಳಿಸಿ. ಜ್ವರ ನೋಡುವುದು ಬೇಡ, ಒಡೆದೀತು. ರಾಶಿ ಚೆನ್ನಾಗಿ ಕೊಳೆಯುತ್ತಿದ್ದರೆ ಪಾದರಸ 50 ಡಿಗ್ರಿ ದಾಟುತ್ತದೆ. ಸೂಕ್ಷ್ಮಜೀವಿಗಳು ನಿಧಾನವಾಗಿ ಬಿಡುತ್ತಿರುವ ಉಷ್ಣವದು. ಸಾರಜನಕವೂ ಬಹುಮಟ್ಟಿಗೆ ರಾಶಿಯಲ್ಲೇ ಉಳಿಯುತ್ತದೆ.

ದಿನದಿನದ ಅಂಕಿಗಳನ್ನು ಮಕ್ಕಳ ಕೈಯಿಂದಲೇ ಗೋಡೆಯ ಹಲಗೆಯ ಮೇಲೆ ಬರೆಸಿ. ಎಸ್‌ಡಿಎಂಸಿ ಸಭೆಗೆ ಪಾಲಕರು ಬಂದ ದಿನ, ಚಹಾ ಕೊಡುವ ಮೊದಲು ಅವರನ್ನು ಆ ರಾಶಿಯ ಬಳಿ ಕರೆದೊಯ್ಯಿರಿ.