ವಾಪಸ್ ಕಳಿಸಿದವರ ಲೆಕ್ಕ ಎಲ್ಲಿ?

ರಕ್ತದಾನ ಶಿಬಿರ ಮುಗಿದ ಮೇಲೆ ನಮಗೆ ಬರುವ ಪ್ರೆಸ್‌ನೋಟಿನಲ್ಲಿ ಒಂದೇ ಲೆಕ್ಕ: ಇಷ್ಟು ಯೂನಿಟ್ ರಕ್ತ ಸಂಗ್ರಹ. ಎಷ್ಟು ಜನರನ್ನು ವಾಪಸ್ ಕಳಿಸಿದರು, ಯಾಕೆ ಕಳಿಸಿದರು ಅನ್ನೋದು ಅದರಲ್ಲಿ ಇರುವುದಿಲ್ಲ.

ನಾವು ವರದಿಗೆ ಹೋದ ಕಡೆ ನೋಡಿದ್ದೇವೆ. ಮೊದಲ ಸಲ ರಕ್ತ ಕೊಡೋಣ ಅಂತ ಹೆಣ್ಣುಮಕ್ಕಳು ಕೂಲಿ ಬಿಟ್ಟು ಬಂದಿರುತ್ತಾರೆ. ಬೆರಳು ಚುಚ್ಚಿ ನೋಡಿ, 'ನಿಂಗೇ ರಕ್ತ ಕಡಿಮೆ ಇದೆ, ಹೋಗಮ್ಮ' ಅಂತಾರೆ. ಚೀಟಿ ಇಲ್ಲ, ಮಾತ್ರೆ ಇಲ್ಲ. ಸುತ್ತ ನಿಂತವರು ನಗುತ್ತಾರೆ.

ನಿಯಮ ಸರಿಯಾಗಿದೆ. 18ರಿಂದ 65 ವರ್ಷ, ಕನಿಷ್ಠ 45 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5 ಗ್ರಾಂ ಇರಲೇಬೇಕು. ಕೊಡುವವರ ಜೀವಕ್ಕೆ ತೊಂದರೆ ಆಗಬಾರದಲ್ಲ. ಆದರೆ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ಈ ತೊಂದರೆ ಇದೆ. ಶಿಬಿರದಲ್ಲಿ ಅದು ಕಣ್ಣೆದುರೇ ಸಿಕ್ಕರೂ ಹಾಗೇ ಮನೆಗೆ ಕಳಿಸುತ್ತೀರಲ್ಲ!

ಫ್ಲೆಕ್ಸಿಗೆ, ಶಾಲು-ಹಾರಕ್ಕೆ ದುಡ್ಡಿದೆ, ಒಂದು ಚೀಟಿಗಿಲ್ಲವೇ? ಹಿಮೋಗ್ಲೋಬಿನ್ ಎಷ್ಟಿದೆ ಅಂತ ಬರೆದುಕೊಡಿ. ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಅಂತ ಹೇಳಿ. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಇವತ್ತು ವಾಪಸ್ ಹೋದವರು ಚೇತರಿಸಿಕೊಂಡರೆ ಮುಂದಿನ ಶಿಬಿರಕ್ಕೆ ಅವರೇ ಬರುತ್ತಾರೆ. ಅವಮಾನ ಮಾಡಿ ಕಳಿಸಿದರೆ ಅವರ ಓಣಿಯವರೂ ಬರುವುದಿಲ್ಲ.

ಓದುವ ಅಕ್ಕ-ತಂಗಿಯರೇ, 'ಆಗಲ್ಲ' ಅಂದರೆ ಸುಮ್ಮನೆ ಎದ್ದು ಬರಬೇಡಿ. 'ಎಷ್ಟಿದೆ, ಬರೆದುಕೊಡಿ' ಅಂತ ಕೇಳಿ.